ಚೀಲದ ಮುಂಬದಿಯನ್ನು ನಂಬಿ ಕೆಟ್ಟೆ: ಅಲರ್ಜಿಯ ನಾಯಿಗೆ ತಂದ ಎರಡು ಆಹಾರಗಳ ವಿಮರ್ಶೆ

ನಾನು ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವಿನ ಒಂದು ಸಣ್ಣ ಗೀಟು ತಪ್ಪಿದರೂ ಕಣ್ಣಿಗೆ ಮುಳ್ಳು ಚುಚ್ಚಿದಂತಾಗುವ ಸ್ವಭಾವ. ಅಂಥವಳು ನಾಯಿಯ ಆಹಾರದ ಚೀಲವೊಂದರ ಹಿಂಬದಿಯನ್ನು ಓದದೆ ನಾಲ್ಕು ತಿಂಗಳು ಅದನ್ನೇ ಬಡಿಸಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರುವ ಸಿಟ್ಟೆಲ್ಲ ಚೀಲದ ಮೇಲಿನದೇ ಎಂದು ನೀವು ತಿಳಿದೀರಿ. ಅರ್ಧ ಸಿಟ್ಟು ನನ್ನ ಮೇಲಿನದು.

ನಾಯಿಯ ಹೆಸರು ಸುಳಿ. ಬಾಲ ವಟ್ರಸುಳಿಯಂತೆ ಸುತ್ತಿಕೊಂಡಿದ್ದರಿಂದ ಇಟ್ಟ ಹೆಸರು. ಬಿಳಿ ಮೈ, ಕಂದು ಕಿವಿ, ಹದಿನಾಲ್ಕು ಕಿಲೋ ತೂಕ. ಒಂದೂವರೆ ವರ್ಷ ತುಂಬುವ ಹೊತ್ತಿಗೆ ಕೆರೆತ ಶುರುವಾಯಿತು. ಚಳಿಯಲ್ಲೂ ಅದೇ ಕೆರೆತ, ಸೆಕೆಯಲ್ಲೂ ಅದೇ ಕೆರೆತ. ಕಿವಿಯಲ್ಲಿ ಹುಳಿ ವಾಸನೆಯ ಕಂದು ಗುಗ್ಗೆ, ಬೆರಳ ಸಂದಿಯಲ್ಲಿ ಕೆಂಪು, ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋಗುವ ಚಾಳಿ, ದಿನಕ್ಕೆ ನಾಲ್ಕೈದು ಸಲ ಮೆದು ಮಲ. ನೆಕ್ಕಿ ನೆಕ್ಕಿ ಬಿಳಿ ಪಂಜದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಒಂದೇ ವರ್ಷದಲ್ಲಿ ಐದು ಸಲ ಕಿವಿಗೆ ಸೋಂಕು. ಪ್ರತಿ ಸಲವೂ ಹನಿ ಔಷಧ, ಹತ್ತು ದಿನದ ನೆಮ್ಮದಿ, ಮತ್ತೆ ಮೊದಲಿನಿಂದ. ರಾತ್ರಿ ಅವಳು ಕೆರೆದುಕೊಳ್ಳುವಾಗ ಮೊಣಕಾಲು ನೆಲಕ್ಕೆ ಬಡಿದು ಟಕಟಕ ಎನ್ನುತ್ತಿತ್ತು. ನಮ್ಮವರು ನಿದ್ದೆಗಣ್ಣಿನಲ್ಲಿ ಎದ್ದು ಯಾರೋ ಬಾಗಿಲು ಬಡಿದರೆಂದು ಎರಡು ಸಲ ಬಾಗಿಲು ತೆರೆದು ನೋಡಿದ್ದುಂಟು.

ಆಹಾರದ ಅಲರ್ಜಿ ಇರಬಹುದೆಂಬ ಅನುಮಾನ ಬಂದಾಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಬಹಳ ವಿನಯದಿಂದ ಒಂದು ಹಸಿರು ಚೀಲ ತೋರಿಸಿದ. ಮುಂಬದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕುರಿಮಾಂಸ ಮತ್ತು ಅಕ್ಕಿ ಸಹಿತ’, ಅದರ ಕೆಳಗೆ ‘ಹೈಪೋಅಲರ್ಜೆನಿಕ್’ (ಅಲರ್ಜಿ ಕಡಿಮೆ ತರುವಂಥದ್ದು), ಪಕ್ಕದಲ್ಲಿ ಹುಲ್ಲಿನ ಮೇಲೆ ಓಡುತ್ತಿರುವ ಒಂದು ನಾಯಿ. ಸುಳಿ ಅಲ್ಲಿಯವರೆಗೆ ತಿಂದಿದ್ದು ಕೋಳಿಮಾಂಸದ ಒಣ ಆಹಾರ. ಕುರಿಗೆ ಬದಲಾಯಿಸಿದರೆ ಮುಗಿಯಿತಲ್ಲ ಎಂದುಕೊಂಡೆ.

ಮೊದಲ ಮೂರು ವಾರ ಪವಾಡ. ಕೆರೆತ ಅರ್ಧಕ್ಕರ್ಧ ಇಳಿಯಿತು. ಸಿಕ್ಕ ಸಿಕ್ಕವರಿಗೆಲ್ಲ ಆ ಚೀಲವನ್ನು ಶಿಫಾರಸು ಮಾಡಿದೆ; ಅವರಲ್ಲಿ ಇಬ್ಬರಿಗಾದರೂ ಈಗ ಕ್ಷಮೆ ಕೇಳಬೇಕು. ಅದೇ ಮೂರು ವಾರ ಸುಳಿ ತುರಿಕೆ ತಗ್ಗಿಸುವ ಮಾತ್ರೆಯನ್ನೂ ನುಂಗುತ್ತಿದ್ದಳು ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಮಾತ್ರೆ ಮುಗಿದ ಐದನೇ ದಿನ ಟಕಟಕ ಮತ್ತೆ ಕೇಳಿಸಿತು. ನಾನೋ ಹಿಡಿದ ಪಟ್ಟು ಬಿಡದವಳು. ಇನ್ನೊಂದು ಚೀಲ ತಂದೆ, ಆಮೇಲೆ ಮತ್ತೊಂದು.

ನಾಲ್ಕನೇ ತಿಂಗಳ ಒಂದು ಸಂಜೆ, ಖಾಲಿ ಚೀಲವನ್ನು ಮಡಚುವಾಗ ಹಿಂಬದಿ ಮೇಲಾಯಿತು. ಕಡು ಹಸಿರಿನ ಮೇಲೆ ತಿಳಿ ಹಸಿರು ಅಕ್ಷರ, ಇರುವೆಯ ಗಾತ್ರ. ಭೂತಗನ್ನಡಿ ತಂದು ಓದಿದೆ. ಅಕ್ಕಿ, ಒಣಗಿಸಿದ ಕುರಿಮಾಂಸ, ಜೋಳ, ಹೀಗೆ ಸಾಗಿ ಒಂಬತ್ತನೆಯ ಹೆಸರು: ಕೋಳಿ ಯಕೃತ್ತಿನ ಪುಡಿ. ರುಚಿಗಾಗಿ ಕಾಳುಗಳ ಮೇಲೆ ಲೇಪಿಸುವ ಪುಡಿ ಅದು. ಹನ್ನೊಂದನೆಯದು ಹಾಲಿನ ಪುಡಿ. ಕೋಳಿಯಿಂದ ತಪ್ಪಿಸಿಕೊಳ್ಳಲೆಂದು ತಂದ ಆಹಾರದ ಒಂದೊಂದು ಕಾಳಿಗೂ ಕೋಳಿಯ ಅಂಗಿ ತೊಡಿಸಿದ್ದರು.

ಕಾನೂನಿನ ಕಣ್ಣಿಗೆ ಇದು ಸುಳ್ಳೂ ಅಲ್ಲ ಎಂಬುದು ಆಮೇಲೆ ತಿಳಿಯಿತು. ನಾಯಿ ಆಹಾರದ ಹೆಸರಿನಲ್ಲಿ ‘ಕುರಿಮಾಂಸ ಸಹಿತ’ ಎಂದು ಬರೆಯಲು ಅಮೆರಿಕದ ನಿಯಮದ ಪ್ರಕಾರ ಶೇ 3ರಷ್ಟು ಕುರಿಮಾಂಸ ಇದ್ದರೆ ಸಾಕು, ಯುರೋಪಿನಲ್ಲಿ ಶೇ 4. ಉಳಿದದ್ದು ಏನೆಂದು ಹಿಂಬದಿ ಹೇಳುತ್ತದೆ, ಓದುವವರಿದ್ದರೆ. ಇನ್ನು ‘ಹೈಪೋಅಲರ್ಜೆನಿಕ್’ ಎಂಬ ಪದ. ‘ಹೈಪೋ’ ಎಂದರೆ ಕಡಿಮೆ, ‘ಇಲ್ಲ’ ಎಂದಲ್ಲ. ಯಾವುದಕ್ಕಿಂತ ಕಡಿಮೆ ಎಂದು ಚೀಲ ಹೇಳುವುದಿಲ್ಲ. ಕರಡಿನಲ್ಲಿ ಇಂಥ ವಾಕ್ಯ ಬಂದಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕರಿಗೆ ವಾಪಸು ಕಳಿಸುತ್ತಿದ್ದೆ.

ಹಸಿರು ಚೀಲ ನಮ್ಮ ಮನೆಯಿಂದ ಹೊರಹೋದದ್ದು ಹಾಗೆ. ಅದರ ನಂತರ ಒಂದು ವಾರ ಇನ್ನೊಂದು ಮೂರ್ಖತನಕ್ಕೆ ಸಿದ್ಧಳಾಗಿದ್ದೆ. ನಾಯಿಯ ಕೂದಲನ್ನು ಅಂಚೆಯಲ್ಲಿ ಕಳಿಸಿದರೆ ಯಾವುದಕ್ಕೆ ಅಲರ್ಜಿ ಎಂದು ಪಟ್ಟಿ ಕಳಿಸುತ್ತೇವೆನ್ನುವ ಸೇವೆಯದು. ಕೂದಲು ಕತ್ತರಿಸಿ ಲಕೋಟೆಗೂ ಹಾಕಿಟ್ಟಿದ್ದೆ. ಅಷ್ಟರಲ್ಲಿ ನಮ್ಮ ಪಶುವೈದ್ಯರು ಚರ್ಮರೋಗದ ತಜ್ಞೆಯೊಬ್ಬರ ಬಳಿ ಕಳಿಸಿದರು. ಲಕೋಟೆ ನೋಡಿ ಆಕೆ ನಕ್ಕರು. ಇಂಥ ಕೂದಲು ಮತ್ತು ಜೊಲ್ಲಿನ ಪರೀಕ್ಷೆಯ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆಯಂತೆ. ಸಂಶೋಧಕರು ನಿಜವಾದ ನಾಯಿಗಳ ಮಾದರಿಗಳ ಜೊತೆಗೆ ಬೊಂಬೆಯ ಕೃತಕ ಕೂದಲನ್ನೂ ಜೊಲ್ಲಿನ ಬದಲು ಉಪ್ಪುನೀರನ್ನೂ ಕಳಿಸಿದ್ದರು. ಬೊಂಬೆಗೂ ಅಲರ್ಜಿ ಇದೆಯೆಂದು ವರದಿ ಬಂತು. ರಕ್ತಪರೀಕ್ಷೆಯನ್ನೂ ಆಹಾರದ ಅಲರ್ಜಿಯ ಮಟ್ಟಿಗೆ ನಂಬಲಾಗದು ಎಂದರು ಆಕೆ. “ಅಮ್ಮಾ, ಇದಕ್ಕೆ ಪರೀಕ್ಷೆ ಒಂದೇ. ತಟ್ಟೆ.”

ನನ್ನ ವಿಮರ್ಶೆಯ ಎರಡನೇ ಚೀಲ ಬರುವುದು ಇಲ್ಲಿ. ಹೈಡ್ರೋಲೈಸ್ಡ್ ಪ್ರೋಟೀನಿನ, ಅಂದರೆ ಪ್ರೋಟೀನನ್ನು ಮೊದಲೇ ಸಣ್ಣ ಚೂರುಗಳಾಗಿ ಒಡೆದ ಆಹಾರ, ವೈದ್ಯರ ಚೀಟಿಯ ಮೇಲೆ ಕೊಡುವಂಥದ್ದು. ಹೆಸರು ಬರೆಯುವುದಿಲ್ಲ. ಇಂಥ ಆಹಾರಗಳು ಹಲವು ಇವೆ. ಕೆಲವು ಸೋಯಾದಿಂದ, ಕೆಲವು ಕೋಳಿಯ ಯಕೃತ್ತಿನಿಂದ, ಒಂದು ಪಕ್ಷಿಗಳ ಗರಿಯಿಂದ ಮಾಡಿದ್ದು. ಯಾವ ನಾಯಿಗೆ ಯಾವುದು ಎಂಬುದು ಆ ನಾಯಿ ಈವರೆಗೆ ಏನು ತಿಂದಿದೆ ಎಂಬುದರ ಮೇಲೆ ನಿಂತಿದೆ. ಸುಳಿಗೆ ಸಿಕ್ಕಿದ್ದು ಸೋಯಾದ್ದು.

ಹೈಡ್ರೋಲೈಸ್ಡ್ ಎಂದರೇನೆಂದು ತಜ್ಞೆ ಚಿತ್ರ ಬಿಡಿಸಿ ತೋರಿಸಿದರು. ನಾನು ನನ್ನ ಕಸುಬಿನ ಭಾಷೆಗೆ ತಂದುಕೊಂಡೆ. ಹಳೆಯ ಮುದ್ರಣಾಲಯದಲ್ಲಿ ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು; ಅಚ್ಚಾದ ಮೇಲೆ ಪುಟ ಬಿಚ್ಚಿ ಮೊಳೆಗಳನ್ನು ಮತ್ತೆ ಖಾನೆಗೆ ಹಾಕುತ್ತಿದ್ದರು. ಪ್ರೋಟೀನು ಜೋಡಿಸಿದ ಪುಟ. ನಾಯಿಯ ರೋಗನಿರೋಧಕ ವ್ಯವಸ್ಥೆ ನನ್ನಂತೆಯೇ ಸಿಡುಕಿನ ಓದುಗ, ತನಗಾಗದ ಪದ ಕಂಡೊಡನೆ ಕೆಂಪು ಶಾಯಿ ಎತ್ತುತ್ತದೆ. ಕಿಣ್ವಗಳಿಂದ ಪುಟವನ್ನು ಮೊದಲೇ ಬಿಚ್ಚಿಟ್ಟರೆ ಅದರ ಕೈಗೆ ಸಿಗುವುದು ಬರೀ ಮೊಳೆ, ಪದವಲ್ಲ. ಹೊಟ್ಟೆಗೆ ಬೇಕಾದ ಪೋಷಣೆ ಮೊಳೆಗಳಲ್ಲೂ ಇದೆ. ಆದರೆ ಬಿಚ್ಚುವಾಗ ಶಾಯಿ ಹಿಡಿದು ನಾಲ್ಕೈದು ಮೊಳೆ ಒಂದಕ್ಕೊಂದು ಅಂಟಿಕೊಂಡೇ ಉಳಿಯುವುದುಂಟು. ಆ ಚೂರನ್ನು ಗುರುತಿಸುವಷ್ಟು ಚುರುಕಾದ ನಾಯಿಗಳಿಗೆ ಇಂಥ ಆಹಾರವೂ ಕೆರೆತ ತರುತ್ತದೆ. ಕೋಳಿ ಆಗದ ನಾಯಿಗೆ ಕೋಳಿಯ ಪ್ರೋಟೀನನ್ನೇ ಒಡೆದು ಮಾಡಿದ ಆಹಾರ ಕೊಡುವ ಮುನ್ನ ವೈದ್ಯರು ಎರಡು ಸಲ ಯೋಚಿಸುವುದು ಇದಕ್ಕೇ.

ಇನ್ನು ತಿನ್ನಿಸಿದ ಕಥೆ. ಚೀಲ ತೆರೆದಾಗ ಬಂದದ್ದು ಪುಸ್ತಕ ಕಟ್ಟುವವರ ಅಂಟಿನ ವಾಸನೆ. ನನಗೆ ತವರಿನ ನೆನಪು, ಸುಳಿಗೆ ಅಲ್ಲ. ಒಂದು ಕಾಳು ಬಾಯಿಗಿಟ್ಟುಕೊಂಡು, ನನ್ನ ಮುಖ ನೋಡಿ, ಮೆಲ್ಲಗೆ ನೆಲದ ಮೇಲೆ ಇಟ್ಟು ಹೋದಳು. ಪ್ರೋಟೀನು ಒಡೆದಾಗ ಕಹಿ ಚೂರುಗಳು ಹುಟ್ಟುತ್ತವೆ, ಆದ್ದರಿಂದ ಇದು ಎಲ್ಲ ನಾಯಿಗಳಿಗೂ ಹಿಡಿಸುವುದಿಲ್ಲ. ಏಳು ದಿನ ಹಳೆಯದರ ಜೊತೆ ಬೆರೆಸಿ, ದಿನದಿನಕ್ಕೆ ಹೊಸದರ ಪಾಲು ಹೆಚ್ಚಿಸಿದೆ. ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿಟ್ಟದ್ದು ಕೆಲಸ ಮಾಡಿತು. ಎಂಟನೇ ದಿನದಿಂದ ಪೂರ್ತಿ ಹೊಸದೇ. ಮೊದಲ ವಾರ ಮಲ ಇನ್ನಷ್ಟು ಸಡಿಲವಾಯಿತು. ಮುಂಚೆಯೇ ಎಚ್ಚರಿಸಿದ್ದರಿಂದ ಗಾಬರಿಯಾಗಲಿಲ್ಲ. ಎರಡನೇ ವಾರದ ಕೊನೆಗೆ ದಿನಕ್ಕೆ ಎರಡೇ ಸಲ, ಗಟ್ಟಿಯಾಗಿ. ಚರ್ಮಕ್ಕಿಂತ ಮೊದಲು ಹೊಟ್ಟೆ ಸುಧಾರಿಸಿತು.

ದೂರುಗಳೂ ಇವೆ. ಚೀಲದ ಜಿಪ್ ಹನ್ನೆರಡನೇ ದಿನಕ್ಕೆ ಕಿತ್ತುಬಂತು. ಇಷ್ಟು ಗತ್ತಿನ ಆಹಾರಕ್ಕೆ ಬಟ್ಟೆ ಕ್ಲಿಪ್ ಹಾಕಿ ಮುಚ್ಚಬೇಕಾಯಿತು. ಎಷ್ಟು ಬಡಿಸಬೇಕೆಂಬ ಕೋಷ್ಟಕ ಉದಾರ ಮನಸ್ಸಿನದು. ಅದನ್ನು ಅನುಸರಿಸಿ ಆರು ವಾರದಲ್ಲಿ ಸುಳಿ ಎಂಟುನೂರು ಗ್ರಾಂ ಹೆಚ್ಚಿದಳು. ಅಳತೆ ಲೋಟ ಬಿಟ್ಟು ತಕ್ಕಡಿ ಹಿಡಿದ ಮೇಲೆ ಸರಿಹೋಯಿತು. ಹಿಂಬದಿಯ ಅಕ್ಷರ ಇಲ್ಲೂ ಚಿಕ್ಕದೇ, ಆದರೆ ಬಿಳಿಯ ಮೇಲೆ ಕಪ್ಪು. ಪದಾರ್ಥಗಳ ಪಟ್ಟಿಯೂ ಗಿಡ್ಡ. ಒಂದು ಮುದ್ರಣ ದೋಷವಿದೆ, ಕ್ಷಮಿಸಿದ್ದೇನೆ.

ತಜ್ಞೆ ಮೊದಲ ದಿನವೇ ಹೇಳಿದ ಒಂದು ಮಾತಿಗೆ ಚೀಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. “ನೀವು ಕೊಳ್ಳುತ್ತಿರುವುದು ಊಟವನ್ನಲ್ಲ, ಪರೀಕ್ಷೆಯನ್ನು. ಎಂಟು ವಾರ ಇದು, ನೀರು, ಬೇರೇನೂ ಇಲ್ಲ.” 2015ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಐದು ವಾರಕ್ಕೆ ಶೇ 80ಕ್ಕಿಂತ ಹೆಚ್ಚು, ಎಂಟು ವಾರಕ್ಕೆ ಶೇ 90ಕ್ಕಿಂತ ಹೆಚ್ಚು ಗುಣ ಕಂಡಿದ್ದವು. ಮೂರನೇ ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಕೈಬಿಡುವವರು ಪರೀಕ್ಷೆಯನ್ನು ಮಾಡಿಯೇ ಇಲ್ಲ. ಇದನ್ನು ಕೇಳಿದ ಮೇಲೆ ಹಸಿರು ಚೀಲದ ನಾಲ್ಕು ತಿಂಗಳು ಇನ್ನಷ್ಟು ಉರಿಯಿತು. ನಾಲ್ಕು ತಿಂಗಳಲ್ಲಿ ಎರಡು ಪರೀಕ್ಷೆ ಮುಗಿಸಬಹುದಿತ್ತು.

‘ಬೇರೇನೂ ಇಲ್ಲ’ ಎಂಬುದು ಕಾಗದದ ಮೇಲೆ ಎರಡು ಪದ, ಮನೆಯಲ್ಲಿ ಮಹಾಯುದ್ಧ. ತಿಂಗಳಿಗೊಮ್ಮೆ ಕೊಡುತ್ತಿದ್ದ ಹುಳದ ಮಾತ್ರೆ ಮಾಂಸದ ರುಚಿಯದು. ಅದನ್ನು ನಿಲ್ಲಿಸಿ ಬೆನ್ನಿಗೆ ಹಚ್ಚುವ ಹನಿ ಬಂತು. ಹಲ್ಲುಜ್ಜುವ ಪೇಸ್ಟ್ ಕೋಳಿಯ ರುಚಿಯದು. ಕ್ಯಾಪ್ಸೂಲಿನ ಹೊರಗವಚ ಪ್ರಾಣಿಜನ್ಯ ಜೆಲಟಿನ್. ಮಾತ್ರೆಯನ್ನು ಇನ್ನು ಬೆಣ್ಣೆಯಲ್ಲಿ ಅಡಗಿಸುವಂತಿಲ್ಲ. ಪಕ್ಕದ ಮನೆಯ ಬೆಕ್ಕಿನ ಬಟ್ಟಲನ್ನು ಬೆಕ್ಕಿಗೇ ಗೊತ್ತಾಗದಂತೆ ಎತ್ತರದ ಕಟ್ಟೆಗೆ ಏರಿಸಿದೆ. ಶಹಬ್ಬಾಸ್ ಎನ್ನುವಾಗ ಕೊಡಲು ಏನಾದರೂ ಬೇಕಲ್ಲ? ಅದೇ ಆಹಾರದ ಡಬ್ಬಿಯ ರೂಪ ಸಿಗುತ್ತದೆ; ತೆಳುವಾಗಿ ಕೊಯ್ದು ಒಲೆಯಲ್ಲಿ ಗರಿಗರಿ ಮಾಡಿದೆ. ಆ ಅಂಟಿನ ವಾಸನೆಗೂ ಸುಳಿ ಕುಣಿಯತೊಡಗಿದಳು.

ಕೆರೆತಕ್ಕೆ ದಿನಾ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಬರೆದಿಡಲು ಹೇಳಿದ್ದರು. ಶುರುವಿನಲ್ಲಿ ಎಂಟು. ಮೊದಲು ಕಿವಿಯ ಯೀಸ್ಟ್ ಸೋಂಕಿಗೆ ಔಷಧ ಹಾಕಿ ಮುಗಿಸಿದರು. ಸೋಂಕು ಉಳಿದಿದ್ದರೆ ಆಹಾರ ಎಷ್ಟೇ ಸರಿಯಿದ್ದರೂ ಕೆರೆತ ನಿಲ್ಲುವುದಿಲ್ಲ, ನಾವು ಆಹಾರವನ್ನು ಬೈಯುತ್ತೇವೆ. ತುರಿಕೆಯ ಮಾತ್ರೆ ನಾಲ್ಕನೇ ವಾರದ ಕೊನೆಯವರೆಗೆ ಮಾತ್ರ, ಆಮೇಲೆ ಬರೀ ಆಹಾರ. ಹಸಿರು ಚೀಲದ ಕಾಲದಲ್ಲಿ ನಾನು ಮಾಡಿದ ತಪ್ಪು ಇಲ್ಲಿ ಮೊದಲೇ ತಿದ್ದುಪಡಿಯಾಗಿತ್ತು.

ಐದನೇ ವಾರದ ಮಂಗಳವಾರ ಅಂಕ ಮೂರು. ಗುರುವಾರ ಏಳು. ಕಿವಿ ಕೆಂಡ. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಿಸಿದೆ. ನಾಲ್ಕು ವರ್ಷದ ಮೊಮ್ಮಗ ಬಹಳ ಹೊತ್ತು ಕಿಟಕಿ ನೋಡಿ, “ಅಜ್ಜಿ, ಅವಳೇ ಕೇಳಿದಳು” ಎಂದ. ಒಂದು ಬಿಸ್ಕತ್ತು. ಅದೂ ಅರ್ಧ, ಉಳಿದರ್ಧ ತಾನು ತಿಂದಿದ್ದ. ತಜ್ಞೆ ಬೈಯಲಿಲ್ಲ. ದಿನಾಂಕ ಬರೆದಿಡಿ, ಎರಡು ವಾರ ಮುಂದೂಡಿ ಎಂದಷ್ಟೇ ಹೇಳಿದರು. ಹೀಗೆ ಎಂಟು ವಾರ ಹತ್ತಾಯಿತು.

ಹತ್ತನೇ ವಾರದ ಕೊನೆಗೆ ಅಂಕ ಎರಡು. ಆದರೆ ನನಗೆ ನಂಬಿಕೆ ಹುಟ್ಟಿಸಿದ್ದು ಅಂಕವಲ್ಲ, ಪಂಜ. ತುಕ್ಕಿನ ಬಣ್ಣದ ಕೂದಲಿನ ಬುಡದಲ್ಲಿ ಅಚ್ಚ ಬಿಳಿ ಕೂದಲು ಒಂದು ಬೆರಳು ದಪ್ಪದಷ್ಟು ಬೆಳೆದಿತ್ತು. ಎಷ್ಟು ದಿನದಿಂದ ನೆಕ್ಕಿಲ್ಲ ಎಂಬುದನ್ನು ಕೂದಲೇ ಅಳತೆಪಟ್ಟಿ ಹಿಡಿದು ತೋರಿಸುತ್ತಿತ್ತು.

ಇಲ್ಲಿಗೆ ನಿಲ್ಲಿಸೋಣ ಎಂದರು ನಮ್ಮವರು. ಬಹಳ ಜನ ನಿಲ್ಲಿಸುತ್ತಾರಂತೆ. ಆದರೆ ಹಳೆಯ ಆಹಾರ ಮತ್ತೆ ಕೊಟ್ಟು ಕೆರೆತ ಮರಳಿದರೆ ಮಾತ್ರ ಅದು ಅಲರ್ಜಿ ಎಂದು ಖಚಿತ. ಇಲ್ಲವಾದರೆ ಋತುವೋ ಔಷಧವೋ ಗುಣ ಮಾಡಿರಬಹುದು. ಚೆನ್ನಾಗಿರುವ ನಾಯಿಗೆ ಗೊತ್ತಿದ್ದೂ ಗೊತ್ತಿದ್ದೂ ಕೆಟ್ಟದ್ದನ್ನು ಬಡಿಸುವುದು ಸುಲಭವಲ್ಲ. ಬಟ್ಟಲು ಇಟ್ಟು ಬೇರೆ ಕೋಣೆಗೆ ಹೋದೆ. ಮೂರನೇ ದಿನ ಟಕಟಕ.

ಮತ್ತೆ ಹೈಡ್ರೋಲೈಸ್ಡ್ ಆಹಾರಕ್ಕೆ ಮರಳಿ, ಶಾಂತವಾದ ಮೇಲೆ, ಒಂದೊಂದೇ ಪದಾರ್ಥ ಸೇರಿಸಿ ಎರಡು ವಾರದವರೆಗೆ ಕಾದೆವು. ಬೇಯಿಸಿದ ಕೋಳಿ: ನಾಲ್ಕನೇ ದಿನ ಕಿವಿ ಕೆಂಪು. ಮೊಟ್ಟೆ: ಏನಿಲ್ಲ. ಕುರಿಮಾಂಸ: ಏನಿಲ್ಲ. ಹಾಲು: ಆರನೇ ದಿನ ಸಣ್ಣ ಕೆರೆತ, ಮೆದು ಮಲ. ಗೋಧಿ: ಏನಿಲ್ಲ. ಮೊಮ್ಮಗನ ಬಿಸ್ಕತ್ತಿನಲ್ಲಿ ಹಾಲಿನ ಪುಡಿಯಿತ್ತು. ಹಸಿರು ಚೀಲದಲ್ಲಿ ಕುರಿ ನಿರಪರಾಧಿ. ಒಂಬತ್ತನೆಯದೂ ಹನ್ನೊಂದನೆಯದೂ ಅಪರಾಧಿಗಳು.

ಗೋಧಿಯ ವಿಷಯಕ್ಕೆ ಒಂದು ಮಾತು. ಧಾನ್ಯವಿಲ್ಲದ ಆಹಾರ ತನ್ನಿ, ಎಲ್ಲ ಸರಿಹೋಗುತ್ತದೆ ಎಂದು ನನಗೆ ಸಲಹೆ ಕೊಟ್ಟವರು ಕಡಿಮೆಯೆಂದರೂ ಆರು ಮಂದಿ. 2016ರಲ್ಲಿ ಪ್ರಕಟವಾದ, 297 ನಾಯಿಗಳ ವಿವರ ಒಟ್ಟುಗೂಡಿಸಿದ ವಿಮರ್ಶೆಯಲ್ಲಿ, ಯಾವ ಆಹಾರ ಎಷ್ಟು ನಾಯಿಗಳಿಗೆ ಆಗಲಿಲ್ಲ ಎಂದರೆ: ಗೋಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13, ಕುರಿಮಾಂಸ ಶೇ 5. ಗೋಧಿ ಪಟ್ಟಿಯಲ್ಲಿದೆ, ಆದರೆ ಮೇಲಿನ ಮೂರೂ ಪ್ರಾಣಿಜನ್ಯ. ಧಾನ್ಯ ತೆಗೆದು ಕೋಳಿ ತುಂಬಿದ ಚೀಲ ಸುಳಿಗೆ ವಿಷವೇ. ಮನೆಯಲ್ಲೇ ಅಡುಗೆ ಮಾಡಿ ಹಾಕಬಾರದೇ ಎಂದವರಿಗೆ: ಪರೀಕ್ಷೆಯ ಕೆಲವು ವಾರಗಳಿಗೆ ಅದೂ ಒಂದು ದಾರಿ, ಬಹುಶಃ ಎಲ್ಲಕ್ಕಿಂತ ಶುದ್ಧವಾದದ್ದು. ಆದರೆ ವರ್ಷಗಟ್ಟಲೆ ಹಾಕಲು ಪಶು ಪೋಷಣೆಯ ತಜ್ಞರು ಲೆಕ್ಕ ಹಾಕಿ ಕೊಟ್ಟ ಪಾಕ ಬೇಕು. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು ನಾಯಿಗಳ 200 ಮನೆಪಾಕಗಳನ್ನು ಪರಿಶೀಲಿಸಿದಾಗ ಶೇ 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು.

ನಕ್ಷತ್ರ ಕೊಡಿ ಎಂದರೆ ನನಗೆ ಕಷ್ಟ. ಹಸಿರು ಚೀಲದ ಆಹಾರ ಅಲರ್ಜಿಯಿಲ್ಲದ ನಾಯಿಗೆ ಕೆಟ್ಟದ್ದೇನೂ ಅಲ್ಲದಿರಬಹುದು, ಸುಳಿಯಂತೂ ಚಪ್ಪರಿಸಿ ತಿಂದಳು. ಮುಂಬದಿಯ ಆ ಒಂದು ಪದ ಅಳಿಸಿದರೆ ಮೂರು ನಕ್ಷತ್ರ ಕೊಡುತ್ತೇನೆ. ಪದ ಇರುವವರೆಗೆ ಒಂದು. ಹೈಡ್ರೋಲೈಸ್ಡ್ ಆಹಾರಕ್ಕೆ ಊಟವಾಗಿ ಮೂರು, ಪರೀಕ್ಷೆಯಾಗಿ ಐದು. ಜಿಪ್‌ಗೆ ಸೊನ್ನೆ.

ಕಾರಣ ತಿಳಿದ ಮೇಲೆ ಜೀವನವಿಡೀ ಅಂಟಿನ ವಾಸನೆಯದನ್ನೇ ಹಾಕಬೇಕಾಗಿಲ್ಲ ಎಂದರು ತಜ್ಞೆ. ಕುರಿಮಾಂಸ ಒಂದೇ ಪ್ರೋಟೀನಾಗಿರುವ, ಪ್ರತಿ ತಯಾರಿಯನ್ನೂ ಬೇರೆ ಪ್ರಾಣಿಗಳ ಅಂಶಕ್ಕಾಗಿ ಪರೀಕ್ಷಿಸುತ್ತೇವೆನ್ನುವ ಮೂರನೇ ಚೀಲವೊಂದು ಈಗ ಬಂದಿದೆ. ಇಂದಿಗೆ ಹನ್ನೊಂದನೇ ದಿನ, ಅಂಕ ಎರಡು, ಕಿವಿ ಒಣಗಿದೆ. ಈ ಸಲ ಹಿಂಬದಿಯನ್ನು ಅಂಗಡಿಯಲ್ಲೇ ನಿಂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಎರಡು ಸಲ ಓದಿದೆ. ಏಳನೆಯ ಹೆಸರು ‘ನೈಸರ್ಗಿಕ ರುಚಿಕಾರಕ’. ಯಾವ ಪ್ರಾಣಿಯ ನಿಸರ್ಗವೆಂದು ಕೇಳಿ ತಯಾರಕರಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.